ಕೈಮಾತು

ಮೊಬೈಲಿನ ಪರದೆಯಲ್ಲಿ ಅಕ್ಕನ ಬೆರಳುಗಳು ಈ ಸಲ ಎಲ್ಲೂ ತಡವರಿಸಲಿಲ್ಲ. ಹುಟ್ಟಿನಿಂದಲೇ ಕಿವಿ ಕೇಳದ ಅಕ್ಕತಂಗಿಯರದು ಕೈಸನ್ನೆಯ ಮಾತು. ಹಳೆಯ ನೆಟ್‌ವರ್ಕಿನಲ್ಲಿ ಚಿತ್ರ ತುಂಡುತುಂಡಾಗಿ, ಅರ್ಧ ಮಾತು ಗಾಳಿಯಲ್ಲೇ ನಿಲ್ಲುತ್ತಿತ್ತು. ಫೈವ್‌ಜಿ ಬಂದ ಮೇಲೆ ಎದುರುಬದುರು ಕೂತು ಹರಟಿದ ಹಾಗೆ.

"ಏನೇ, ಸೊರಗಿ ಕಡ್ಡಿಯಾಗಿದ್ದೀಯ! ನಿನ್ನ ಗಂಡ ಊಟ ಹಾಕ್ತಿಲ್ವಾ?" ಅಕ್ಕನ ಕೈ ತಮಾಷೆ ಮಾಡಿತು.

ತಂಗಿ ನಗಲಿಲ್ಲ. ವರ್ಷಗಳಿಂದ ನುಂಗಿಕೊಂಡದ್ದೆಲ್ಲ ಬೆರಳುಗಳಿಗೆ ನುಗ್ಗಿತು. "ಹೊಡೀತಾರೆ ಕಣಕ್ಕಾ. ಇಲ್ಲಿರೋಕಾಗಲ್ಲ. ನಿನ್ನ ಮನೆಗೆ ಬಂದುಬಿಡ್ಲಾ?"

ಅಕ್ಕನ ಕೈಗಳು ಮಡಿಲಿಗೆ ಇಳಿದವು. ಅವಳು ಕಣ್ಣು ಮುಚ್ಚಿಕೊಂಡಳು. ಚಿಕ್ಕಂದಿನ ಜಗಳಗಳಲ್ಲಿ ಇನ್ನು ಮಾತು ಬೇಡವೆಂದು ಅವಳು ಹೀಗೆ ಮಾಡಿದಾಗ ತಂಗಿ ಭುಜ ಹಿಡಿದು ಅಲುಗಾಡಿಸುತ್ತಿದ್ದಳು. ಈಗ ಗಾಜಿನ ಮೇಲೆ ಬೆರಳಿನಿಂದ ತಟ್ಟಿದಳು, ಮತ್ತೆ ಮತ್ತೆ ತಟ್ಟಿದಳು. ಅಕ್ಕನ ಮುಚ್ಚಿದ ರೆಪ್ಪೆಗಳು ನಡುಗುವುದು ಕೂಡ ನಿಚ್ಚಳವಾಗಿ ಕಾಣುತ್ತಿತ್ತು.