ಬಸ್ಸಿನ ಭಾರ

ಪರದೆಯ ಮೇಲೆ, ಮುರಿದ ಸೇತುವೆಯ ತುದಿಯಲ್ಲಿ ಬಸ್ಸೊಂದು ಜೋತಾಡುತ್ತಿತ್ತು. ಅದರ ಹಿಂಬದಿಯ ಕಂಬಿ ಹಿಡಿದು ನಿಂತವಳು ಚಿತ್ರದ ನಾಯಕಿ. ಆಕಾಶದಲ್ಲಿ ಹಾರಬಲ್ಲ, ಗೋಡೆ ಒಡೆಯಬಲ್ಲ ಮಹಾಶಕ್ತಿಯ ಹೆಣ್ಣು. ಬಸ್ಸಿನ ತುಂಬ ಜನ. ಅವಳು ಅದನ್ನು ಮೇಲಕ್ಕೆಳೆಯಬೇಕು. ಎಳೆಯುವಾಗ ಬಾಯಿಂದ ಹೊರಡುವ ತಿಣುಕನ್ನು ಮೈಕಿನ ಮುಂದೆ ನಿಂತ ಜೇನಕ್ಕ ಕೊಡಬೇಕು. ಬೆಳಗಿನಿಂದ ಅದೊಂದು ಕೂಡಿ ಬಂದಿರಲಿಲ್ಲ.

ಜೇನಕ್ಕ ಎಂಬುದು ಸ್ಟುಡಿಯೋದವರು ಇಟ್ಟ ಹೆಸರು. ಬೇರೆ ಭಾಷೆಯಿಂದ ಬಂದ ಚಿತ್ರಗಳ ನಾಯಕಿಯರಿಗೆಲ್ಲ ಅವಳದೇ ಜೇನಿನಂಥ ದನಿ. ನಾಚುವುದು, ಮುನಿಯುವುದು, ಕಾಪಾಡಿ ಎಂದು ಕೂಗುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಕಾಪಾಡುವವಳ ಪಾತ್ರ ಸಿಕ್ಕಿದ್ದು ಮಾತ್ರ ಇದೇ ಮೊದಲು. ಮಾತುಗಳೆಲ್ಲ ಮುಗಿದಿದ್ದವು. ಈ ತಿಣುಕು ಬಾರದೆ ಹೋದರೆ ಪಾತ್ರವೇ ಕೈತಪ್ಪುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಹೊಸ ಹುಡುಗಿಯೊಬ್ಬಳು ಆಗಲೇ ಬಂದು ಕುಳಿತಿದ್ದಳು.

ಮಾತು ತಿದ್ದಿಸುವವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರೇನೂ ಕೆಟ್ಟವರಲ್ಲ. ಚಿತ್ರ ಕೊಂಡವರು ಹೇಳಿ ಕಳಿಸಿದ್ದನ್ನು ಹೇಳುತ್ತಿದ್ದರು, ಅಷ್ಟೆ. ಶಕ್ತಿ ಇರಬೇಕು, ಅಂದ ಕೆಡಬಾರದು. ಕೇಳಿದವರಿಗೆ ಅಯ್ಯೋ ಅನ್ನಿಸಬೇಕು, ಅಬ್ಬಾ ಅನ್ನಿಸಬಾರದು. ಪರದೆಯ ಹೆಣ್ಣೂ ಅದಕ್ಕೆ ತಕ್ಕ ಹಾಗೇ ಇದ್ದಳು. ಅಷ್ಟು ದೊಡ್ಡ ಬಸ್ಸು ಹಿಡಿದರೂ ಬಾಚಿದ ಕೂದಲು ಬಾಚಿದ ಹಾಗೇ, ತುಟಿಯ ಬಣ್ಣ ಬಳಿದ ಹಾಗೇ. ಅಷ್ಟು ಬಿಗಿಯಾದ ಬಟ್ಟೆಯೊಳಗೆ ಈಕೆ ಉಸಿರನ್ನು ಎಲ್ಲಿ ಇಟ್ಟುಕೊಂಡಿದ್ದಾಳೋ ಎಂಬುದೇ ಗಾಜಿನಾಚೆ ದನಿ ಮುದ್ರಿಸುವ ಯಂತ್ರದ ಮುಂದೆ ಕುಳಿತ ತಾತನ ಚಿಂತೆ.

ಜೇನಕ್ಕ ಮತ್ತೆ ತಿಣುಕಿದಳು. ಒಮ್ಮೆ ಸೀನಿದ ಹಾಗಾಯಿತು, ಇನ್ನೊಮ್ಮೆ ನಾಚಿದ ಹಾಗೆ.

"ಇದು ಬಸ್ಸು ಎತ್ತಿದ ಹಾಗಿಲ್ಲ ಕಣಮ್ಮ, ಬಿದ್ದ ಟಿಕೀಟು ಎತ್ತಿದ ಹಾಗಿದೆ," ಎಂದ ತಾತ.

ಅವಳೂ ನಕ್ಕಳು. ಆದರೆ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ನನ್ನ ಗಂಟಲು ತಾನಾಗಿಯೇ ಜೇನಿನ ಕಡೆ ಹೋಗಿಬಿಡುತ್ತದೆ, ಬೇರೆ ದಾರಿ ಅದಕ್ಕೆ ಗೊತ್ತಿಲ್ಲ ಎಂದಳು. ಹಾಗಾದರೆ ನಾನೇ ತೋರಿಸಿಕೊಡುತ್ತೇನೆ ಎಂದು ಮೇಷ್ಟ್ರು ಒಳಗೆ ಬಂದರು. ಪೊದೆ ಮೀಸೆಯ ಭಾರಿ ಆಳು. ಎತ್ತರದ ಸ್ಟೂಲು ಹತ್ತಿ ಕುಳಿತು, ಎರಡೂ ಕೈ ಮೇಲೆತ್ತಿ, ಎಳೆ ಹುಡುಗಿಯ ದನಿಯಲ್ಲಿ ಸಣ್ಣಗೆ ಮುಲುಗಿದರು. ಸ್ಟೂಲಿನ ಕಾಲು ನೆಲದ ವಯರಿನ ಮೇಲೆ ಜಾರಿತು. ಮೇಷ್ಟ್ರು ದೊಪ್ಪನೆ ಬಿದ್ದರು. ಮಗುಚಿದ ಆಮೆಯ ಹಾಗೆ ಕೈಕಾಲು ಆಡಿಸಿದರೇ ಹೊರತು ಏಳಲಾಗಲಿಲ್ಲ.

ಜೇನಕ್ಕ ಯೋಚಿಸುತ್ತ ನಿಲ್ಲಲಿಲ್ಲ. ಅವರನ್ನು ಎಬ್ಬಿಸಿ ಕೂರಿಸಿ, ಹಿಂದೆ ಕುಕ್ಕರುಗಾಲಲ್ಲಿ ಕುಳಿತು, ಕಂಕುಳಲ್ಲಿ ಎರಡೂ ಕೈ ತೂರಿಸಿ ಎದೆಯ ಮೇಲೆ ಬೆರಳು ಹೆಣೆದಳು.

"ಉಸಿರು ಬಿಗಿ ಹಿಡೀಬೇಡಿ ಅತ್ತೆ, ನಾನಿದ್ದೀನಿ," ಎಂದವಳೇ ಎತ್ತಿದಳು.

ಆಗ ಹೊರಟ ಸದ್ದು ಗಂಟಲಿನದಲ್ಲ. ಹಿಮ್ಮಡಿಯಿಂದ ಹೊರಟಿತ್ತು. ಮೊದಲು ಹಗ್ಗ ಬಿಗಿದ ಹಾಗೆ ಸಣ್ಣಗೆ, ಆಮೇಲೆ ಹುಗಿದ ಬಂಡೆ ನೆಲ ಬಿಟ್ಟು ಮೇಲೇಳುವ ಹಾಗೆ. ಅದರಲ್ಲಿ ಸಿಹಿಯೂ ಇರಲಿಲ್ಲ, ಕಹಿಯೂ ಇರಲಿಲ್ಲ. ಯಾರಾದರೂ ತನ್ನನ್ನು ನೋಡಲಿ ಎಂಬ ಆಸೆಯೂ ಇರಲಿಲ್ಲ. ಯಂತ್ರದ ಮುಳ್ಳು ಆ ಕೊನೆಗೆ ಹೋಗಿ ಅಲ್ಲೇ ನಡುಗುತ್ತ ನಿಂತಿತು. ಮೇಷ್ಟ್ರ ಎರಡೂ ಪಾದ ಗಳಿಗೆ ಹೊತ್ತು ನೆಲ ಬಿಟ್ಟಿದ್ದವು.

ಅವರನ್ನು ಗೋಡೆಗೆ ಆನಿಸಿ, ಕಾಲರು ಸರಿಮಾಡಿ, ಬೆನ್ನಿನ ಧೂಳು ಕೊಡವಿದ ಮೇಲೆ ಅವಳಿಗೆ ಎಚ್ಚರವಾಯಿತು. ನಾಲಿಗೆ ಕಚ್ಚಿಕೊಂಡಳು. ಮನೆಯಲ್ಲಿ ದಿನಾ ಬೆಳಿಗ್ಗೆ ಅತ್ತೆಯನ್ನು ಎತ್ತಿ ಕೂರಿಸಿ ರೂಢಿ, ತಪ್ಪು ತಿಳಿಯಬೇಡಿ ಎಂದಳು. ಅಷ್ಟರಲ್ಲಿ ಮೈಕಿನ ಮೇಲೆ ಉರಿಯುತ್ತಿದ್ದ ಕೆಂಪು ದೀಪ ಕಣ್ಣಿಗೆ ಬಿತ್ತು. ಮುಖ ಇಳಿದುಹೋಯಿತು.

"ಅದನ್ನ ಅಳಿಸಿಬಿಡಿ ತಾತ. ಯಾರಾದ್ರೂ ಕೇಳಿದ್ರೆ ನಂಗೆ ಇನ್ನು ನಾಯಕಿ ಪಾತ್ರ ಕೊಡಲ್ಲ."

ತಾತ ಅಳಿಸಲಿಲ್ಲ. ಅತ್ತೆ ಎಂದ ಮಾತನ್ನು ಕತ್ತರಿಸಿ, ಉಳಿದ ಸದ್ದನ್ನು ಚಿತ್ರಕ್ಕೆ ಕೂಡಿಸಿ, ಪರದೆಯ ಮೇಲೆ ಓಡಿಸಿದ.

ಅದೇ ಸೇತುವೆ, ಅದೇ ಹೆಣ್ಣು. ಆದರೆ ಬೆಳಗಿನಿಂದ ರಟ್ಟಿನ ಹಾಗೆ ತೂಗುತ್ತಿದ್ದ ಬಸ್ಸಿಗೆ ಈಗ ಭಾರ ಬಂದಿತ್ತು. ಒಳಗೆ ಕೂತ ಒಬ್ಬೊಬ್ಬರಿಗೂ ತೂಕವಿತ್ತು, ಜೀವವಿತ್ತು. ಬಸ್ಸು ಇಂಚಿಂಚೇ ಮೇಲೆ ಬಂತು. ಮೇಷ್ಟ್ರು ಸೊಂಟ ನೀವಿಕೊಳ್ಳುವುದನ್ನೂ ಮರೆತರು. ಇನ್ನೊಂದು ಸಲ ಓಡಿಸು ಎಂದರು. ಮತ್ತೊಂದು ಸಲ ಎಂದರು. ಚಿತ್ರ ಕೊಂಡವರು ಏನೆಂದಾರು ಎಂದು ತಾತ ಮೆಲ್ಲಗೆ ನೆನಪಿಸಿದ. ಅವರನ್ನೂ ಇಲ್ಲೇ ತಂದು ನಿಲ್ಲಿಸಿ ಕೇಳಿಸೋಣ ಎಂದ ಮೇಷ್ಟ್ರು ಕುಂಟುತ್ತ ಹೋಗಿ, ಬಾಗಿಲು ತೆರೆದು, ಬೆಂಚಿನ ಮೇಲಿದ್ದ ಹುಡುಗಿಗೆ ಈ ಪಾತ್ರಕ್ಕೆ ಜನ ಆಯಿತು ತಾಯಿ, ಇನ್ನೊಂದಕ್ಕೆ ಕರೆಯುತ್ತೇನೆ ಎಂದು ಹೇಳಿ ಬಂದರು.

ತಿರುಗಿ ನೋಡಿದರೆ ಜೇನಕ್ಕ ಪರದೆಗೆ ತೀರ ಹತ್ತಿರ ಹೋಗಿ ನಿಂತಿದ್ದಳು. ಕಂಬಿ ಹಿಡಿದ ನಾಯಕಿಯ ಎಡ ಮಣಿಕಟ್ಟಿನಲ್ಲಿ ನರವೊಂದು ಉಬ್ಬಿ, ಕೈ ಅದುರುತ್ತಿತ್ತು.

"ಪಾಪ, ಇವಳೂ ನಿಜವಾಗ್ಲೂ ಎಳೆದಿದ್ದಾಳೆ," ಎಂದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬೆಳಗಿಂದ ಎಷ್ಟು ಸಲ ನೋಡಿದ್ವಿ. ಈ ನಡುಕ ಮೊದ್ಲೇ ಇತ್ತಾ?"

"ಇತ್ತು ಮೇಷ್ಟ್ರೇ," ಎಂದ ತಾತ. "ಕೇಳಿಸ್ತಿರ್ಲಿಲ್ಲ."