ಎಂಟು ಖೋಲಿಯ ಬಿಸಿನೀರು

“ಬಾಡಿಗೆಯವರಿಗೆಲ್ಲ ಸೋಲಾರ್ ಯಾಕೆ ಸಾರ್? ಬೇಕಿದ್ರೆ ಅವರನ್ನೇ ಕೇಳಿ, ಕರ್ಕೊಂಡು ಬಂದಿದ್ದೀನಿ” ಎಂದು ಮುನಿಆಂಜನಪ್ಪ ಹಿಂದಿನ ಸಾಲಿನತ್ತ ಕೈ ತೋರಿಸಿದರು.

2007ರ ಬೇಸಿಗೆ. ಮನೆಯ ಮೇಲೆ ಸೋಲಾರ್ ಹೀಟರ್ ಇಲ್ಲದಿದ್ದರೆ ಹೊಸ ಕಟ್ಟಡಕ್ಕೆ ಕರೆಂಟ್ ಇಲ್ಲ ಎಂಬ ನಿಯಮ ತರುವ ಮೊದಲು ಹಲಸೂರಿನ ಸಮುದಾಯ ಭವನದಲ್ಲಿ ಸರ್ಕಾರದವರು ಜನರ ಅಭಿಪ್ರಾಯ ಕೇಳುತ್ತಿದ್ದರು. ಬೆಳಿಗ್ಗೆ ಊರಿಗೆ ಊರೇ ಒಟ್ಟಿಗೆ ನೀರು ಕಾಯಿಸುತ್ತದೆ, ಹೀಗೇ ಆದರೆ ಇನ್ನೊಂದು ಕಲ್ಲಿದ್ದಲ ಸ್ಥಾವರ ಕಟ್ಟಬೇಕಾಗುತ್ತದೆ ಎಂದು ಅಧಿಕಾರಿ ವಿವರಿಸಿದ್ದರು. ಹೊಸ ತಿಪ್ಪಸಂದ್ರದ ಹಳೆಯ ಶೀಟು ಮನೆಗಳನ್ನು ಕೆಡವಿ, ಅದೇ ಬಾಡಿಗೆದಾರರಿಗೆ ಎಂಟು ಹೊಸ ಮನೆ ಕಟ್ಟಿಸಲಿದ್ದ ಮುನಿಆಂಜನಪ್ಪನವರಿಗೆ ನಿಯಮದಿಂದ ವಿನಾಯಿತಿ ಬೇಕಿತ್ತು. ‘ನಮಗೆ ಬೇಡ’ ಅಂದರೆ ಸಾಕು ಎಂದು ಹೇಳಿಕೊಟ್ಟು, ಹಂಪಣ್ಣ, ಪೀರಮ್ಮ ದಂಪತಿಯನ್ನು ತಮ್ಮದೇ ವ್ಯಾನಿನಲ್ಲಿ ಕರೆತಂದಿದ್ದರು.

ಹಂಪಣ್ಣ ಎದ್ದು ಕೈ ಮುಗಿದ. ಹೆಂಡತಿಯತ್ತ ನೋಡಿದ. ಪೀರಮ್ಮ ಸೆರಗು ಸರಿಮಾಡಿಕೊಂಡು ನಿಂತಳು.

“ಸಾಹೇಬ್ರ, ನಾ ಇಂದಿರಾನಗರದಾಗ ಮೂರು ಮನಿ ಪಾತ್ರಿ ತಿಕ್ಕತೀನ್ರಿ. ಒಂದು ಮನಿ ಮ್ಯಾಲ ಸೋಲಾರ್ ಐತಿ. ಇರೋರು ಇಬ್ರು. ಉಳಿದ ಬಿಸಿನೀರಾಗ ಕಾರು ತೊಳಿತಾರ. ನಮ್ಮ ಎಂಟು ಖೋಲ್ಯಾಗ ನಲವತ್ತು ಮಂದಿ ಅದೀವಿ. ಬೆಳಿಗ್ಗೆ ಐದಕ್ಕ ನೀರು ಕಾಸೋ ಎಂಟೂ ರಾಡು ಒಮ್ಮೆಲೇ ಹಚ್ಚತೀವಿ. ಕರೆಂಟ್ ಉಳಿಯೋದು ಯಾರ ಮನ್ಯಾಗ, ನೀವೇ ಹೇಳ್ರಿ.”

ಅಧಿಕಾರಿ ಲೆಕ್ಕದ ಹಾಳೆ ತಿರುವಿ ಮತ್ತೆ ನೋಡಿದರು. ಸಭೆಯ ಅಧ್ಯಕ್ಷರು ಕನ್ನಡಕ ತೆಗೆದು, ಈಯಮ್ಮ ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ ಎಂದರು.

ಮುನಿಆಂಜನಪ್ಪ ಅವರಿಬ್ಬರನ್ನೂ ಅಲ್ಲೇ ಬಿಟ್ಟು ಹೊರಟುಹೋದರು. ಸಂಜೆ ಹಂಪಣ್ಣನಿಗೆ, ಬೇರೆ ಮನೆ ನೋಡ್ಕೋ ಎಂದರು. ಸುದ್ದಿ ತಿಳಿದು ಉಳಿದ ಏಳೂ ಮನೆಯವರು ಮುನಿಆಂಜನಪ್ಪನವರ ಬಾಗಿಲಿಗೆ ಬಂದರು. ಪೀರಮ್ಮ ಹೋದರೆ ತಾವೂ ಗಂಟು ಕಟ್ಟುತ್ತೇವೆ ಎಂದು ಪಕ್ಕದ ಖೋಲಿಯ ಜಟ್ಟೆಮ್ಮ ಎಲ್ಲರ ಪರವಾಗಿ ಹೇಳಿದಳು. ಮುನಿಆಂಜನಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಆದೇಶ ಬಂತು. ಬಾಡಿಗೆ ಮನೆಗಳಿಗೂ ವಿನಾಯಿತಿ ಇರಲಿಲ್ಲ. ಹೊಸ ಕಟ್ಟಡದ ತಾರಸಿಗೆ ದೊಡ್ಡ ಟ್ಯಾಂಕು ಏರಿತು. ಒಂದೊಂದು ಬಚ್ಚಲಿಗೂ ಬಿಸಿನೀರಿನ ನಲ್ಲಿ ಬಂತು, ಬಟ್ಟೆ, ಪಾತ್ರೆಗೆಂದು ಅಂಗಳಕ್ಕೂ ಒಂದು. ಎದುರಿಗಿದ್ದ ತಮ್ಮ ಹಳೆಯ ಮನೆಯಲ್ಲಿ ಮಾತ್ರ ಮುನಿಆಂಜನಪ್ಪ ಕರೆಂಟಿನ ಗೀಸರನ್ನೇ ಉಳಿಸಿಕೊಂಡರು.

ಜನವರಿಯ ಒಂದು ಬೆಳಿಗ್ಗೆ ಇಡೀ ಬೀದಿಯಲ್ಲಿ ಕರೆಂಟ್ ಹೋಯಿತು. ಪೀರಮ್ಮ ಬಾಗಿಲು ತೆರೆದಳು. ಅಂಗಳದ ನಲ್ಲಿಯ ಮುಂದೆ, ಹೆಗಲ ಮೇಲೆ ಟವಲು ಹಾಕಿಕೊಂಡು, ಖಾಲಿ ಬಕೆಟ್ ಹಿಡಿದು, ಮುನಿಆಂಜನಪ್ಪ ಜಟ್ಟೆಮ್ಮನ ಹಿಂದೆ ಸರದಿಯಲ್ಲಿ ನಿಂತಿದ್ದರು.