ಓಡೋ ಗಾಡಿಯ ಫಿಲ್ಟರ್

ಅಂಗಡಿಯವನು ಗಾಜಿನ ಕೌಂಟರಿನ ಮೇಲೆ ಎರಡು ಆಯಿಲ್ ಫಿಲ್ಟರ್ ಇಟ್ಟ. "ಅಪರೂಪಕ್ಕೆ ಹೊರಗೆ ತೆಗೆಯೋ ಗಾಡಿಗೆ ಇದು ಸಾಕು. ಇನ್ನೊಂದು, ದಿನಾ ದೂರ ಓಡೋದಕ್ಕೆ. ಯಾವುದು ಕೊಡಲಿ, ಸರ್?" ಅವನು ಕೇಳಿದ್ದು ಅವಳನ್ನಲ್ಲ, ಪಕ್ಕದಲ್ಲಿ ಬೆರಳಿಗೆ ಕಾರಿನ ಕೀ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದ ಮೈದುನನನ್ನು.

"ಮೊದಲನೇದೇ ಕೊಡಿ. ಅಣ್ಣ ಹೋದಮೇಲೆ ಅದು ಗೇಟು ದಾಟಿಲ್ಲ. ಭಾನುವಾರ ನಾನೇ ಬಂದು ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ, ಪಾಪ, ಅತ್ತಿಗೆ ಸಮಾಧಾನಕ್ಕೆ."

ಆ ಸದ್ದಿಗೆ ಅವಳು ಪ್ರತಿ ವಾರ ಕಿಟಕಿಗೆ ಬರುತ್ತಿದ್ದುದು ನಿಜ. ಕಾರು ಗುರುಗುಟ್ಟಿ, ಇದ್ದಲ್ಲೇ ನಡುಗಿ, ತೆಪ್ಪಗಾಗುತ್ತಿತ್ತು. ಅವಳ ಡ್ರೈವಿಂಗ್ ಲೈಸೆನ್ಸೂ ಪರ್ಸಿನೊಳಗೆ ಹಾಗೇ ತೆಪ್ಪಗೆ ಬಿದ್ದಿತ್ತು.

ಅವಳು ಎರಡನೇ ಫಿಲ್ಟರ್ ಎತ್ತಿಕೊಂಡು ಅದರ ರಬ್ಬರ್ ಉಂಗುರದ ಸುತ್ತ ಹೆಬ್ಬೆರಳು ಆಡಿಸಿದಳು. "ಇದು ಕೊಡಿ."

"ಅಯ್ಯೋ ಅತ್ತಿಗೆ, ಅದು ಓಡೋ ಗಾಡೀದು! ನಮ್ಮದು ನಿಂತಲ್ಲೇ ಬೇರು ಬಿಟ್ಟಿರೋ ಮುದಿಗೊಡ್ಡು."

"ಅದು ತಾನಾಗೇ ನಿಂತಿಲ್ಲ ಕಣಪ್ಪ, ನೀನು ನಿಲ್ಲಿಸಿದ್ದೀಯ. ಸೋಮವಾರದಿಂದ ನಾನು ಅದರಲ್ಲೇ ಕೆಲಸಕ್ಕೆ ಹೋಗ್ತೀನಿ." ಅವಳು ಇನ್ನೊಂದು ಕೈ ಚಾಚಿದಳು. "ಕೀ ಕೊಡು."

ಮೈದುನ ನಕ್ಕ. ಅಂಗಡಿಯವನ ಮುಖ ನೋಡಿದ. ಅವನ ಬೆರಳಲ್ಲಿ ಕೀ ತಿರುಗುವುದು ನಿಂತಿತು. ಅವಳ ಅಂಗೈ ಮಾತ್ರ ಚಾಚಿದಲ್ಲೇ ಇತ್ತು.